ಪವಿತ್ರಾಳಿಗೆ ಟಿಸಿ ಕೊಡಲು ಬಿಡಲಿಲ್ಲ

ಗೆಳೆಯರೇ, ಇವತ್ತು ಭದ್ರಾವತಿಯ ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರ ಜೊತೆ ಜಗಳವಾಡಿ ಈಗಷ್ಟೇ ವಿದ್ಯಾನಗರದ ಮನೆಗೆ ಬಂದೆ.

ನಾನು ಪಾಠ ಮಾಡುವ ಎರಡನೇ ತರಗತಿಯಲ್ಲಿ ಪವಿತ್ರಾ ಎಂಬ ಹುಡುಗಿ ಇದ್ದಾಳೆ. ಅಪ್ಪ ಕುಡಿದು ಬಂದು ಅಮ್ಮನನ್ನು ಹೊಡೆಯುವುದನ್ನು ನೋಡುತ್ತಲೇ ಬೆಳೆದವಳು, ಈಗ ಅಜ್ಜಿಯ ಮನೆಯಲ್ಲಿದ್ದಾಳೆ. ಯಾರಾದರೂ ಮೇಜಿನ ಮೇಲೆ ಕೋಲು ಕುಟ್ಟಿದರೆ ಸಾಕು, ಬೆಂಚಿನ ಕೆಳಗೆ ಅವಿತು ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾಳೆ. ಬೆಳಿಗ್ಗೆ ಹೆಡ್‌ಮಾಸ್ಟರು ಕುಟ್ಟಿದಾಗಲೂ ಹಾಗೇ ಆಯಿತು.

ಅವರು ಅಜ್ಜಿಯನ್ನು ಕರೆಸಿ, "ಟಿಸಿ ತಗೊಂಡು ಹೋಗಿ. ಇದು ಸ್ಕೂಲು, ಆಸ್ಪತ್ರೆ ಅಲ್ಲ" ಎಂದರು. ಅಜ್ಜಿ ತಲೆ ತಗ್ಗಿಸಿ ನಿಂತರು.

ನನಗೆ ತಡೆಯಲಾಗಲಿಲ್ಲ. "ಸಾರ್, ಮಕ್ಕಳಿಗೆ ಹೊಡೀಬಾರ್ದು, ಹೆದರಿಸಬಾರ್ದು ಅಂತ ಸರ್ಕಾರನೇ ಹೇಳಿದೆ. ಹೊರಗೆ ಹೋಗಬೇಕಾದ್ದು ಕೋಲು, ಮಗು ಅಲ್ಲ."

"ನೀವು ಪಾಠ ಮಾಡಿ ಸಾಕು, ಮೇಡಂ."

ಅಷ್ಟರಲ್ಲಿ ಮಗಳಿಗೆ ಊಟದ ಡಬ್ಬಿ ತಂದಿದ್ದ ಸೆಲ್ವಿ ಬಾಗಿಲಲ್ಲೇ ನಿಂತು ಹೇಳಿದರು: "ಅವಳಿಗೆ ಟಿಸಿ ಕೊಟ್ರೆ ನನ್ನ ಮಗಳದ್ದೂ ಕೊಟ್ಬಿಡಿ ಸಾರ್. ಇಬ್ರೂ ಒಂದೇ ಬೆಂಚು. ಅಜ್ಜೀ, ನೀವು ಧೈರ್ಯವಾಗಿ ಕೆಲಸಕ್ಕೆ ಹೋಗಿ, ಸ್ಕೂಲ್ ಬಿಟ್ಮೇಲೆ ಪವಿತ್ರಾನ ನಾನು ನೋಡ್ಕೊಳ್ತೀನಿ."

ಡಬ್ಬಿ ಹಿಡಿದು ಅವರ ಹಿಂದೆ ನಿಂತಿದ್ದ ಇನ್ನಿಬ್ಬರು ತಾಯಂದಿರೂ "ನಮ್ಮ ಮಕ್ಕಳದ್ದೂ ಕೊಡಿ" ಎಂದರು.

ಹೆಡ್‌ಮಾಸ್ಟರು ಟಿಸಿ ಪುಸ್ತಕ ಮುಚ್ಚಿದರು. ನಾನು ಕೋಲನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದೆ. ಪವಿತ್ರಾ ಬಟ್ಟೆ ಬದಲಿಸಿಕೊಂಡು ಬಂದು ತನ್ನ ಜಾಗದಲ್ಲೇ ಕೂತಳು.

ಶಾಲೆಯ ಶಿಸ್ತು ಕೆಡಿಸಿದ್ದಕ್ಕೆ ನಾಳೆ ನಾನು ಕಾರಣ ಬರೆದುಕೊಡಬೇಕಂತೆ. ನನ್ನಂಥ ಕನ್ನಡ ಟೀಚರಿಗೆ ಎಷ್ಟು ಪುಟ ಅಂತ ಹೇಳದೆ ಬರೆಯಲು ಬಿಟ್ಟದ್ದು ಮಾತ್ರ ಹೆಡ್‌ಮಾಸ್ಟರದೇ ತಪ್ಪು.