ಕಾರ್ಬಿನ್ ಹೆಂಡತಿಯನ್ನು ಸಾಯಿಸಿದವರು

ಪ್ರೇಮಕುಮಾರಿಯ ಹೊಟ್ಟೆಯುರಿಗೆ ಕಾರಣ ಒಡವೆಯಲ್ಲ, ಸೀರೆಯಲ್ಲ, ಪಕ್ಕದ ಮನೆಯವರ ಹೊಸ ಕಾರೂ ಅಲ್ಲ. ಸತ್ತು ನಲವತ್ತು ವರ್ಷವಾದ ಒಬ್ಬ ಅಮೆರಿಕನ್ ಲೇಖಕ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಆತ ಥಡಿಯಸ್ ಕಾರ್ಬಿನ್, ಹಿಟ್ಟಿನ ಗಿರಣಿಯವನ ಮಗ. ಆ ಮನುಷ್ಯ ಸುಮ್ಮನೆ ಕೂತವನೇ ಅಲ್ಲ. ಹಡಗಿನ ಕಾದಂಬರಿ ಬರೆದ, ಪತ್ತೇದಾರಿ ಬರೆದ, ಮಕ್ಕಳಿಗೊಂದು ಕುಂಟುಕೋಳಿಯ ಕಥೆ ಬರೆದ. ಸಾಲದ್ದಕ್ಕೆ ಲ್ಯಾಟಿನ್ ವ್ಯಾಕರಣದ ಇತಿಹಾಸ, ಎರಡು ದಪ್ಪ ಸಂಪುಟ. ಮೈಸೂರಿನಲ್ಲಿ ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಅವನ ಮೂರು ಪುಸ್ತಕ ಸಿಕ್ಕಿದ್ದೇ ತಡ, ಪ್ರೇಮಕುಮಾರಿ ಅವನಿಗೆ ಮರುಳಾದಳು. ಪಿಎಚ್‌ಡಿ ಮಾಡುತ್ತೇನೆಂದು ಹೊರಟವಳಿಗೆ ಎಂಜಿನಿಯರ್ ಮುನಿಸ್ವಾಮಿಯ ಜೊತೆ ಮದುವೆಯಾಯಿತು. ಮೂರೇ ತಿಂಗಳಲ್ಲಿ ಜರ್ಮನಿಯ ಎರ್ಲಾಂಗೆನ್‌ಗೆ ಬಂದಿಳಿದಳು.

ಈಗ ಅವಳಿಗೆ ಐವತ್ತು. ಬೆಳಗ್ಗೆ ಕಿಟಾ ಎನ್ನುವ ಶಿಶುವಿಹಾರದ ಅಡುಗೆಮನೆಯಲ್ಲಿ ಎಂಬತ್ತು ಮಕ್ಕಳಿಗೆ ಊಟ ಬೇಯಿಸುತ್ತಾಳೆ. ಮಂಗಳವಾರ ಮಧ್ಯಾಹ್ನ ಸೈಕಲ್ ಹತ್ತಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗುತ್ತಾಳೆ. ಕಾರ್ಬಿನ್‌ನ ಹತ್ತೊಂಬತ್ತು ಪುಸ್ತಕ, ಪತ್ರಗಳು, ಎಲ್ಲ ಅರೆದು ಕುಡಿದು ಏಳು ನೋಟ್‌ಬುಕ್ ತುಂಬಿಸಿದ್ದಾಳೆ. ಒಂದು ಲೇಖನ ಬರೆದಿದ್ದಾಳಾ? ಇಲ್ಲ. ಕನ್ನಡ ಕೂಟದ ಗಿರಿಧರ್ ಎರಡು ಸಲ ಕೇಳಿದ್ದ: "ಆಂಟಿ, ಕಾರ್ಬಿನ್ ಮೇಲೆ ಒಂದು ಟಾಕ್ ಕೊಡಿ." ಎರಡು ಸಲವೂ ಒಂದೇ ಉತ್ತರ: "ಇನ್ನೂ ಸ್ವಲ್ಪ ಓದೋದು ಬಾಕಿ ಇದೆಯಪ್ಪ." ಮೂರನೇ ಸಲ ಅವನು ಬಂದದ್ದು ಕೇಳುವುದಕ್ಕಲ್ಲ, ಹೇಳುವುದಕ್ಕೆ. ಭಾಷಣ ಮಾಡುವವಳು ಶ್ರೀಲಕ್ಷ್ಮಿಯಂತೆ. ಕಳೆದ ವರ್ಷ ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗಿ, ವಯಸ್ಸು ಇಪ್ಪತ್ತೇಳು.

ಪ್ರೇಮಕುಮಾರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಊರಲ್ಲಿ ಕಾರ್ಬಿನ್ ಎಂದರೆ ತನ್ನ ಹೆಸರೇ ಬರಬೇಕು. ಅವಳಿಗಿದ್ದದ್ದು ಅದೊಂದೇ ಆಸೆ. ನಿನ್ನೆ ಮೊನ್ನೆ ಬಂದವಳು ಅದನ್ನೂ ಕಿತ್ತುಕೊಂಡರೆ ತನಗೆ ಉಳಿಯುವುದೇನು?

ಭಾನುವಾರ ಸಭಾಂಗಣದಲ್ಲಿ ನಲವತ್ತು ಜನ ಸೇರಿದ್ದರು. ಹುಡುಗಿ ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದಳು. ಜನ ನಕ್ಕರು, ಚಪ್ಪಾಳೆ ತಟ್ಟಿದರು.

"ಎಷ್ಟು ಚೆನ್ನಾಗಿ ಹೇಳ್ತಾಳಲ್ವಾ?" ಎಂದ ಮುನಿಸ್ವಾಮಿ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಹೆಂಡತಿಯ ಹತ್ತಿರ ಕಾರ್ಬಿನ್ ಯಾರು ಎಂದು ಕೇಳದ ಪುಣ್ಯಾತ್ಮ! ಪ್ರೇಮಕುಮಾರಿಗೆ ಮೈಯೆಲ್ಲ ಉರಿಯಿತು.

ಶ್ರೀಲಕ್ಷ್ಮಿ ಮುಂದುವರಿಸಿದಳು: ಹೆಂಡತಿ ಮಾರ್ಗರೆಟ್ ತೀರಿಕೊಂಡ ದುಃಖದಲ್ಲಿ ಕಾರ್ಬಿನ್ ಒಂಬತ್ತು ವರ್ಷ ಕಾದಂಬರಿ ಮುಟ್ಟಲಿಲ್ಲ, ವ್ಯಾಕರಣದಲ್ಲಿ ಮುಖ ಹುದುಗಿಸಿ ಕೂತ. ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಪ್ರೇಮಕುಮಾರಿಯ ಮನಸ್ಸು ಮಾತ್ರ ಕುಣಿಯಿತು. ಸಿಕ್ಕಿಬಿದ್ದಳು! ಭಾಷಣ ಮುಗಿಯಲೆಂದು ಕಾಯುವಷ್ಟು ತಾಳ್ಮೆ ಎಲ್ಲಿಂದ ಬರಬೇಕು, ಅಲ್ಲೇ ಎದ್ದು ನಿಂತಳು.

"ಒಂದ್ನಿಮಿಷ. ಮಾರ್ಗರೆಟ್ ಅವನ ತಂಗಿ. ಹೆಂಡ್ತಿ ಅವನು ಸತ್ತ ಮೇಲೂ ಹನ್ನೊಂದು ವರ್ಷ ಗಟ್ಟಿಮುಟ್ಟಾಗಿದ್ಲು. ನೀವು ಇದನ್ನ ಎಲ್ಲಿ ಓದಿದ್ರಿ?"

"ಕನ್ನಡದ್ದೇ ಒಂದು ಹಳೇ ಆರ್ಟಿಕಲ್ ಮೇಡಂ," ಎಂದಳು ಹುಡುಗಿ.

"ಅದನ್ನ ಬರೆದವರು ಕಾರ್ಬಿನ್‌ನ ಓದೇ ಇಲ್ಲ. ಅಂಥವರನ್ನ ನಂಬ್ಕೊಂಡು ಸ್ಟೇಜ್ ಹತ್ತಬಾರದು."

ಹುಡುಗಿಯ ಮುಖ ಸಣ್ಣದಾಯಿತು. ಉಳಿದದ್ದನ್ನು ಗಡಿಬಿಡಿಯಲ್ಲಿ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ಗಿರಿಧರ್ ಬಂದು, "ಆಂಟಿ, ಮುಂದಿನ ಟಾಕ್ ನಿಮ್ಮದೇ," ಎಂದ. ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು ಪ್ರೇಮಕುಮಾರಿಗೆ. ಸುಳ್ಳು ಯಾಕೆ ಹೇಳಲಿ.

ಚಹಾ ಕುಡಿಯುವಾಗ ಶ್ರೀಲಕ್ಷ್ಮಿಯೇ ಹತ್ತಿರ ಬಂದಳು. ಕೋಪವಿರಲಿಲ್ಲ. "ಥ್ಯಾಂಕ್ಸ್ ಮೇಡಂ. ನೀವು ಇಷ್ಟೆಲ್ಲ ಓದಿದೀರ ಅಂತ ಗೊತ್ತಿದ್ರೆ ಮೊದಲೇ ನಿಮ್ಮನ್ನ ಕೇಳ್ತಿದ್ದೆ. ಇದೇ ನೋಡಿ ಆ ಆರ್ಟಿಕಲ್. ನಮ್ಮ ತಾತ ಬೈಂಡ್ ಮಾಡಿಸಿಟ್ಟಿದ್ದ ಮ್ಯಾಗಜೀನಲ್ಲಿತ್ತು. ಹೈಸ್ಕೂಲಲ್ಲಿ ಇದನ್ನ ಓದಿಯೇ ನಾನು ಕಾರ್ಬಿನ್ ಹಿಂದೆ ಬಿದ್ದಿದ್ದು."

ಮೊಬೈಲಿನಲ್ಲಿ ಹಳದಿ ಪುಟ. ಕೆಳಗೆ ಲೇಖಕಿಯ ಹೆಸರು: ಎನ್. ಪಿ. ಕುಮಾರಿ, ನಂಜನಗೂಡು.

ಅದು ಮದುವೆಗೆ ಮುಂಚೆ ಪ್ರೇಮಕುಮಾರಿ ಸಹಿ ಹಾಕುತ್ತಿದ್ದ ಹೆಸರು, ಅವಳ ತವರೂರು. ಮದುವೆಯ ಹಿಂದಿನ ವಾರ ಅಂಚೆಗೆ ಹಾಕಿ, ಉತ್ತರ ಬಾರದೆ, ಕಸದ ಬುಟ್ಟಿ ಸೇರಿತೆಂದು ಅತ್ತು ಮರೆತಿದ್ದ ಲೇಖನ. ಅಚ್ಚಾಗಿತ್ತು! ಪುಸ್ತಕವೊಂದರ ಅರ್ಪಣೆಯ ಪುಟದಲ್ಲಿ 'ಅಗಲಿದ ಮಾರ್ಗರೆಟ್‌ಗೆ' ಎಂದಿದ್ದದ್ದನ್ನು ಕಂಡು, ಹೆಂಡತಿಯೇ ಇರಬೇಕೆಂದು ಆ ಬಡಪಾಯಿಯನ್ನು ಸಾಯಿಸಿದವಳು ಅವಳೇ. ಆದರೆ ಆ ಸಾಲುಗಳೋ, ಓದಿದರೆ ನಿಲ್ಲಿಸಲಾಗದಂಥವು. ಮೂರೇ ಪುಸ್ತಕ ಓದಿ ಇಷ್ಟು ಧೈರ್ಯವಾಗಿ ಬರೆದಿದ್ದ ಆ ನಂಜನಗೂಡಿನ ಹುಡುಗಿಯ ಮೇಲೆ ಅವಳಿಗೆ ಈಗ ಶ್ರೀಲಕ್ಷ್ಮಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೊಟ್ಟೆಯುರಿಯಿತು.

"ಕೊನೇ ಸ್ಲೈಡಲ್ಲಿ ಇವರ ಹೆಸರು ದೊಡ್ಡದಾಗಿ ಹಾಕಿ ಥ್ಯಾಂಕ್ಸ್ ಹೇಳಿದ್ದೆ," ಎಂದಳು ಶ್ರೀಲಕ್ಷ್ಮಿ. "ನೀವು ಹಾಗಂದ ಮೇಲೆ ತೋರಿಸೋಕೆ ನಾಚಿಕೆ ಆಯ್ತು. ಡಿಲೀಟ್ ಮಾಡ್ಬಿಡ್ತೀನಿ ಬಿಡಿ."

ಸುಮ್ಮನಿದ್ದರೆ ಎಲ್ಲ ತಿಳಿದವಳೆಂಬ ಪಟ್ಟ ಉಳಿಯುತ್ತದೆ. ಗಿರಿಧರ್ ಇಲ್ಲೇ ಇದ್ದಾನೆ, ಮುನಿಸ್ವಾಮಿಯೂ ಇದ್ದಾನೆ. ಪ್ರೇಮಕುಮಾರಿ ಹುಡುಗಿಯ ಕೈ ಹಿಡಿದಳು.

"ಅಳಿಸಬೇಡಮ್ಮ. ಅದು ನಾನೇ. ಎಲ್ಲರನ್ನೂ ಕರಿ, ಆ ಸ್ಲೈಡ್ ತೋರ್ಸು. ತಪ್ಪು ನಂದೇ ಅಂತ ನಾನು ಹೇಳ್ತೀನಿ."