ಹಾಳೂರ ದಿಬ್ಬದ ಮಣ್ಣು

ಜೋಳದ ಕಾಳು ಹಾಲು ತುಂಬಿ ಇನ್ನೂ ಗಟ್ಟಿಯಾಗದೆ ಇರುವ ದಿನಗಳಲ್ಲಿ ಮೊಮ್ಮಕ್ಕಳು ನೀವು ಬಳ್ಳಾರಿಯಿಂದ ಬರುತ್ತೀರಿ. ಹೊಲದಲ್ಲಿ ಕುಳ್ಳಿನ ಕೆಂಡ ಮಾಡಿ, ಎಳೆ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಬಿಸಿ ಸೀತನಿ ತಿನ್ನುತ್ತೀರಿ. ಬನ್ನಿಗಿಡದ ಪಕ್ಕದ ಪಟ್ಟಿಯ ತೆನೆ ಎಲ್ಲಕ್ಕಿಂತ ಸಿಹಿ ಎಂದು ನೀವೇ ಹೇಳುತ್ತೀರಿ. ಅದನ್ನು ನಾನೇಕೆ ತಿನ್ನುವುದಿಲ್ಲ ಎಂದು ಕೇಳಿದಾಗಲೆಲ್ಲ ಹಲ್ಲಿಲ್ಲ ಅಂದಿದ್ದೇನೆ. ಹಲ್ಲಿದ್ದಾಗಲೂ ನಾನು ತಿಂದವಳಲ್ಲ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಐಗಳ ಸಾಲಿಯಲ್ಲಿ ಮರಳಿನ ಮೇಲೆ ತೀಡಿ ಕಲಿತ ಅಕ್ಷರ ಇನ್ನೂ ಕೈಯಲ್ಲಿವೆ, ಅದಕ್ಕೆ ಬರೆಯುತ್ತೇನೆ.

ನನ್ನ ತವರು ಸಿರುಗುಪ್ಪದ ಕಡೆ. ಅಲ್ಲಿ ಕಾಲುವೆ ನೀರು, ನೆಲ್ಲು ಗದ್ದೆ. ಮದುವೆಯಾಗಿ ಬಂದದ್ದು ಕುರುಗೋಡಿನ ಕಡೆಯ ಈ ಊರಿಗೆ, ಎರೆ ಹೊಲಕ್ಕೆ. ಅತ್ತೆ ನಾನು ಬರುವ ಮೊದಲೇ ತೀರಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ಅಂದರೆ ನಿಮ್ಮ ತಾತ, ಮತ್ತು ನಾನು. ಸೊಸೆಯಾದವಳು ಮಾವನ ಜೊತೆ ಎದುರೆದುರು ಮಾತಾಡುವ ರೂಢಿ ಆಗ ಇರಲಿಲ್ಲ. ಹೇಳುವುದನ್ನು ಬಾಗಿಲಿಗೋ ಬೆಕ್ಕಿಗೋ ಹೇಳಬೇಕು, ಅವರು ಕೇಳಿಸಿಕೊಳ್ಳಬೇಕು. ನನಗೆ ಮಗಳು ಹುಟ್ಟಿದ ಮೇಲೆ ಆ ಕಷ್ಟ ತಪ್ಪಿತು. ಅಜ್ಜ ಊಟಕ್ಕೆ ಏಳಬೇಕಂತೆ ಎಂದು ನಾನು ಮಗಳಿಗೆ ಹೇಳುತ್ತಿದ್ದೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ನಿನ್ನ ಅವ್ವಗೆ ಹೇಳು ಎಂದು ಅವರು ಅವಳಿಗೇ ಹೇಳುತ್ತಿದ್ದರು. ಅವಳು ಇಬ್ಬರ ನಡುವೆ ಓಡಾಡಿ, ಹೇಳಿದ್ದಕ್ಕಿಂತ ಹೆಚ್ಚನ್ನೇ ಸೇರಿಸಿ ಹೇಳುತ್ತಿದ್ದಳು. ಮಾವ ನಗುತ್ತಿದ್ದುದು ಅವಳೊಬ್ಬಳ ಮುಂದೆ.

ಆಮೇಲೆ ಆ ದೊಡ್ಡ ಬರ ಬಂತು. ಅದರ ಹಿಂದೆಯೇ ವಾಂತಿಭೇದಿ ಬಂತು. ಮಾವ ಬಂಡಿ ಕಟ್ಟಿಕೊಂಡು ಬಳ್ಳಾರಿಗೆ ಹೋಗಿದ್ದರು, ರೈಲಿನಿಂದ ಇಳಿದ ಜೋಳದ ಚೀಲ ಹಳ್ಳಿಗಳಿಗೆ ಸಾಗಿಸುವ ಕೆಲಸಕ್ಕೆ. ಅವರು ಇಲ್ಲದಾಗಲೇ ಮಗಳು ಹೋದಳು. ಬೆಳಿಗ್ಗೆ ಅಂಬಲಿ ಕುಡಿದವಳು ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. ಊರಿನ ಹೂಳುವ ನೆಲ ಒಣಗಿ ಕಲ್ಲಾಗಿತ್ತು. ಗುದ್ದಲಿ ಎತ್ತುವ ಶಕ್ತಿ ಗಂಡಸರಿಗೆ ಉಳಿದಿರಲಿಲ್ಲ. ಅದಕ್ಕೇ ಆ ದಿನಗಳಲ್ಲಿ ಸತ್ತ ಸಣ್ಣ ಮಕ್ಕಳನ್ನೆಲ್ಲ ಊರಾಚೆಯ ಹಾಳೂರ ದಿಬ್ಬಕ್ಕೆ ಒಯ್ದರು. ಅಲ್ಲಿ ಮಣ್ಣು ಮೆತ್ತಗೆ, ಬೂದಿಯಂಥದು, ಕೈಯಲ್ಲೇ ತೋಡಬಹುದು. ಒಂದೇ ಗುಣಿಯಲ್ಲಿ ಒಬ್ಬರ ಪಕ್ಕ ಒಬ್ಬರನ್ನು ಇಟ್ಟರಂತೆ. ನರಿ ಕೆದರದಂತೆ ನಿಮ್ಮ ತಾತ ಮೇಲೆ ಒಂದು ಚಪ್ಪಡಿ ಕಲ್ಲು ಎಳೆದು ಬಂದರು. ಬಾವಿಗೆ ಹೋಗುವ ದಾರಿಯಲ್ಲಿ ಒಮ್ಮೆ ಬೆರಳು ಮಾಡಿ ತೋರಿಸಿದರು, ಎಕ್ಕೆಗಿಡದ ಕೆಳಗೆ. ಆಮೇಲೆ ಆ ಮಾತು ಎತ್ತಲಿಲ್ಲ. ಮಾವ ಬಂದವರು ಅವಳೆಲ್ಲಿ ಎಂದು ಕೇಳಿದರು, ಇಲ್ಲ ಎಂದು ತಿಳಿಯಿತು, ಎಲ್ಲಿಟ್ಟಿರಿ ಎಂದು ಕೇಳಲಿಲ್ಲ. ಆ ವರ್ಷ ಯಾರೂ ಯಾರನ್ನೂ ಹಾಗೆ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಾತೂ ನಿಂತಿತು, ನಡುವೆ ಒಯ್ಯುವವಳು ಇರಲಿಲ್ಲವಲ್ಲ.

ಮಳೆ ಮರಳಿ ಬಂದ ಮೇಲೂ ಹೊಲ ಏಳಲಿಲ್ಲ. ಜೋಳ ಮೊಳಕಾಲುದ್ದ ಬಂದು ಹಳದಿಯಾಗಿ ನಿಲ್ಲುತ್ತಿತ್ತು. ಮಾವ ಒಂದು ಗಿಡ ಕಿತ್ತು ನಿಮ್ಮ ತಾತನಿಗೆ ತೋರಿಸುತ್ತಿದ್ದುದು ನೆನಪಿದೆ. ಮೊದಲು ಹಳದಿಯಾಗುವುದು ಬುಡದ ಹಳೆಯ ಎಲೆ. ನೆಲದಲ್ಲಿ ಸಾರ ಸಿಗದಿದ್ದರೆ ಗಿಡ ತನ್ನ ಹಳೆಯ ಎಲೆಯಲ್ಲಿರುವುದನ್ನೇ ಹೀರಿ ಮೇಲಿನ ಚಿಗುರಿಗೆ ಕಳಿಸುತ್ತದೆ, ಕೆಳಗಿನದು ಬತ್ತಿ ಸಾಯುತ್ತದೆ, ಮೇಲಿನದು ನಾಲ್ಕು ದಿನ ಹಸಿರಾಗಿರುತ್ತದೆ ಎಂದು ಅವರು ಹೇಳುತ್ತಿದ್ದರು. ನಾನು ಒಳಗೆ ನಿಂತು ಕೇಳುತ್ತಿದ್ದೆ. ಬರದಲ್ಲಿ ಕೂಸಿಗೆ ಹಾಲೂಡುತ್ತ ಸತ್ತ ಹೆಂಗಸರನ್ನು ನೋಡಿದ್ದೆ, ನನಗೆ ಬೇರೆ ಹೇಳಬೇಕಾಗಿರಲಿಲ್ಲ.

ಹಿಂದೆ ದನದ ಗೊಬ್ಬರ ಹಾಕುತ್ತಿದ್ದೆವು. ಬರದಲ್ಲಿ ಬಂಡಿಯ ಎತ್ತುಗಳು ಬಿಟ್ಟು ದನವೆಲ್ಲ ಸತ್ತಿದ್ದವು. ಅವುಗಳ ಎಲುಬಾದರೂ ಹೊಲದಲ್ಲಿ ಕರಗಿದ್ದರೆ ಆಗುತ್ತಿತ್ತು, ಅವನ್ನೂ ಆರಿಸಿ ಬಂಡಿ ತುಂಬಿ ಬಳ್ಳಾರಿಯ ರೈಲಿಗೆ ಹಾಕಿದರು. ಯಾವುದೋ ದೇಶದ ಹೊಲಕ್ಕೆ ಹೋಗುತ್ತವೆ ಎಂದು ಹೇಳುತ್ತಿದ್ದರು. ಮಗಳು ಹೋದ ಮೇಲೆ ಹುಟ್ಟಿದ ನಿಮ್ಮ ಅಪ್ಪನೂ ಆ ಬೆಳೆಯ ಹಾಗೇ ಇದ್ದ. ವರ್ಷ ದಾಟಿದರೂ ಅವನ ಕಾಲು ನಿಲ್ಲಲಿಲ್ಲ, ಮಾತು ಬರಲಿಲ್ಲ.

ಗೊಬ್ಬರಕ್ಕೆ ಉಳಿದದ್ದು ಹಾಳೂರ ದಿಬ್ಬ. ಬಾದನಹಟ್ಟಿಯ ದಾರಿಯಲ್ಲಿರುವ ಆ ದಿಬ್ಬದ ಮೇಲೆ ಯಾವ ಕಾಲದಲ್ಲೋ ಒಂದು ಊರಿತ್ತು. ಅಲ್ಲಿನವರ ಒಲೆಯ ಬೂದಿ, ದನದ ಗಂಜಲ, ಬಿದ್ದ ಗೋಡೆ ಎಲ್ಲ ಕೂಡಿ ಕೊಳೆತು ಮಣ್ಣಾಗಿ, ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪು ಅರಳುತ್ತಿತ್ತು. ಗಿಡ ಮಣ್ಣನ್ನು ತಿನ್ನುವುದಿಲ್ಲ ಮಕ್ಕಳೇ. ಮಣ್ಣಿನಲ್ಲಿರುವ ಈ ಉಪ್ಪುಗಳು ನೀರಿನಲ್ಲಿ ಕರಗಿದರೆ ಆ ನೀರನ್ನು ಬೇರು ಕುಡಿಯುತ್ತದೆ, ಅಷ್ಟೇ. ಕರಗಲು ನೀರು ಸಾಲದಿದ್ದರೆ ಅದೇ ಉಪ್ಪು ಬೇರನ್ನು ಸುಡುತ್ತದೆ. ನನ್ನ ತವರಿನಲ್ಲಿ ಇಂಥ ಮಣ್ಣು ಚೆಲ್ಲಿ ಮೇಲೆ ಕಾಲುವೆ ನೀರು ಬಿಡುತ್ತಿದ್ದರು. ಇಲ್ಲಿ ಮೊದಲ ಸಲ ಮಾವ ಆಸೆಗೆ ಬಿದ್ದು ದಪ್ಪಗೆ ಚೆಲ್ಲಿಸಿದರು, ಮಳೆ ತಡವಾಯಿತು, ಸಸಿಯ ತುದಿಯೆಲ್ಲ ಬೆಂಕಿ ತಾಗಿದ ಹಾಗೆ ಕರಕಾಯಿತು. ಮುಂದಿನ ಬೇಸಿಗೆಗೆ ಕೈ ಬಿಗಿಹಿಡಿದು, ಮಣ್ಣು ಆರಿಸಿ ತರುವುದೆಂದು ತೀರ್ಮಾನವಾಯಿತು.

ಆರಿಸುವುದು ನಾಲಗೆಯಿಂದ. ಮಾವ ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಚುರುಗುಟ್ಟಿದರೆ ಅದು ಸವಳು, ಬೇಡ. ನಾಲಗೆಗೆ ತಣ್ಣಗಾದರೆ ಅದು ಬೆಳೆಗೆ ಒಳ್ಳೆಯದು. ಊರವರೆಲ್ಲ ಹಾಗೇ ನೋಡುತ್ತಿದ್ದರು, ನನ್ನ ತವರಿನವರೂ.

ಆ ಬೇಸಿಗೆ ದಿಬ್ಬದ ಸುತ್ತ ಬಂಡಿಗಳೇ ಬಂಡಿಗಳು. ವರ್ಷ ವರ್ಷ ಕಡಿದು ಕಡಿದು ಅಗೆತ ಎಕ್ಕೆಗಿಡದ ಹತ್ತಿರ ಬಂದಿತ್ತು. ಅದು ನನಗೆ ಬಾವಿಯ ದಾರಿಯಿಂದ ದಿನಾ ಕಾಣುತ್ತಿತ್ತು. ನಿಮ್ಮ ತಾತನಿಗೆ ಹೇಳಿದೆ. ಅಪ್ಪನ ಮುಂದೆ ಹೇಳಲು ಬಾಯಿ ಬರುತ್ತಿಲ್ಲ ಎಂದರು. ಅವರು ತಂದೆಯ ಮುಂದೆ ತಲೆ ಎತ್ತಿದವರಲ್ಲ. ಬೇರೆ ಕಡೆ ಅಗೆಯುತ್ತೇನೆ, ಆ ಕಡೆ ಹೋಗುವುದಿಲ್ಲ ಎಂದರು, ಅಷ್ಟು ಮಾಡಿದರು.

ಒಂದು ದಿನ ನಾನು ರೊಟ್ಟಿ ಬುತ್ತಿ ಹೊತ್ತು ಹೋದಾಗ ನಿಮ್ಮ ತಾತ ತುಂಬಿದ ಬಂಡಿ ಹೊಡೆದುಕೊಂಡು ಹೊಲಕ್ಕೆ ಹೋಗಿದ್ದರು. ಎರಡನೆಯ ಬಂಡಿಯ ಎತ್ತುಗಳು ನೆರಳಿಗೆ ನಿಂತಿದ್ದವು. ಮಾವ ಎಕ್ಕೆಗಿಡದ ಕೆಳಗೆ, ಚಪ್ಪಡಿ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಣ್ಣು ನಾಲಗೆಗೆ ಇಟ್ಟುಕೊಂಡಿದ್ದರು. ನೆರೆಹೊಲದವನೊಬ್ಬ ತನ್ನ ಬಂಡಿ ತುಂಬುತ್ತ, “ಏನ್ ಯಜಮಾನ್ರ, ಉಪ್ಪು ಸಾಕಾತೇನ್ರಿ? ಒಂಚೂರು ಹುಣಸಿಹುಳಿ ಹಿಂಡ್ಲೇನು?” ಎಂದು ನಗುತ್ತಿದ್ದ.

ಮಾವ ಕಣ್ಣು ತೆರೆದರು. “ನಗಬ್ಯಾಡಲೇ. ಇಂಥಾ ಮಣ್ಣು ದಿಬ್ಬದಾಗ ಎಲ್ಲೂ ಇಲ್ಲ. ಐಸ್ ಇಟ್ಟಂಗ ತಣ್ಣಗೈತಿ,” ಎಂದರು. ಬಳ್ಳಾರಿಯಲ್ಲಿ ದೊರೆಗಳ ಬಂಗಲೆಗೆ ಹೋಗುವ ಐಸು ಒಮ್ಮೆ ಮುಟ್ಟಿ ಬಂದಿದ್ದರು, ಅದನ್ನು ಎಲ್ಲದಕ್ಕೂ ಹೇಳುತ್ತಿದ್ದರು. ಮತ್ತೊಂದು ಚಿಟಿಕೆಗೆ ಕೈ ಹಾಕಿದರು.

ಬುತ್ತಿ ಯಾವಾಗ ಇಳಿಸಿದೆನೋ ನನಗೆ ಗೊತ್ತಿಲ್ಲ. ಎತ್ತಿನ ಕೊರಳು ಹಿಡಿದು ನಿಂತೆ. ಅದರ ಕಿವಿಗೆ ಹೇಳುವ ಹಾಗೆ, ಆದರೆ ಅವರಿಗೆ ಕೇಳುವ ಹಾಗೆ ಹೇಳಿದೆ: “ಬಾಯಾಗ ಇಟ್ಕೋಬ್ಯಾಡ್ರಿ ಅಂತ ಹೇಳಪ್ಪಾ. ಕೂಸು ಮಲಗಿರೋದು ಅಲ್ಲೇ.”

ನೆರೆಹೊಲದವನ ಗುದ್ದಲಿ ನಿಂತಿತು. ಮಾವನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಆಮೇಲೆ ಅವರು ಎದ್ದು ತಂಬಿಗೆ ತೆಗೆದುಕೊಂಡು ಬಾಯಿ ಮುಕ್ಕಳಿಸಿದರು. ಅರ್ಧ ನೀರು ಉಗುಳಿದರು. ಉಳಿದದ್ದನ್ನು ಉಗುಳಲಿಲ್ಲ, ನುಂಗಿದರು. ನಾನು ನೋಡಿದೆ.

ನೆರೆಹೊಲದವನು ತನ್ನ ಬಂಡಿ ಹೊಡೆದುಕೊಂಡು ಹೋದ. ಅವನ ಮಗನೂ ಅದೇ ಗುಣಿಯಲ್ಲಿದ್ದ ಎಂದು ಆಮೇಲೆ ತಿಳಿಯಿತು, ಅವನೂ ಆಗ ಮಾವನ ಜೊತೆ ಬಳ್ಳಾರಿಗೆ ಹೋಗಿದ್ದವನು, ಅವನಿಗೂ ಜಾಗ ಗೊತ್ತಿರಲಿಲ್ಲ.

ಮಾವ ಎತ್ತಿನ ಇನ್ನೊಂದು ಪಕ್ಕಕ್ಕೆ ಬಂದು ನಿಂತರು. ಅದಕ್ಕೇ ಕೇಳಿದರು: “ನಾವು ಬಿಟ್ರ ಮಂದಿ ಬಿಡ್ತಾರೇನು? ಇವತ್ತಲ್ಲ ನಾಳಿ ಯಾರರ ಅಗೀತಾರ. ಯಾರ ಹೊಲಕ್ಕೋ ಹೋಗ್ತಾಳ. ಏನ್ ಮಾಡ್ಲಿ ಅಂತ ಕೇಳು.”

ದಿಬ್ಬ ಎಲ್ಲರದು, ಅದು ನನಗೂ ಗೊತ್ತಿತ್ತು. ಆ ಮಣ್ಣು ಅಲ್ಲಿ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಮನೆಯಲ್ಲಿ ಮಗ ಗೋಡೆ ಹಿಡಿದು ಏಳಲು ಹೋಗಿ ಕುಸಿಯುತ್ತಿದ್ದುದು ಕಣ್ಣ ಮುಂದೆ ಬಂತು. ನಾನು ಎತ್ತಿಗೆ ಹೇಳಿದೆ: “ಮಂದಿ ಹೊಲಕ್ಕ ಬ್ಯಾಡ. ನಮ್ಮ ಹೊಲಕ್ಕ ಬರ್ಲಿ.”

ನಿಮ್ಮ ತಾತ ಖಾಲಿ ಬಂಡಿ ತಂದಾಗ ಮಾವ ಎರಡೇ ಮಾತಿನಲ್ಲಿ ಹೇಳಿದರು. ಅವರು ಚಪ್ಪಡಿ ಸರಿಸಿ, ಗುದ್ದಲಿ ಬದಿಗಿಟ್ಟು, ಕೈಯಿಂದ ತೋಡಿದರು. ಎಲುಬು ಸಿಕ್ಕರೆ ಎತ್ತಿ ಬೇರೆ ಕಡೆ ಹೂಳೋಣ ಎಂದಿತ್ತು. ಏನೂ ಸಿಗಲಿಲ್ಲ. ಸಣ್ಣ ಮಕ್ಕಳ ಎಲುಬು ಎಳೆಯದು, ಆ ಮಣ್ಣಿನ ಉಪ್ಪಿಗೆ ಕರಗಿ ಹೋಗಿರಬೇಕು. ಒಂದು ಕಡೆ ಮಣ್ಣು ಸ್ವಲ್ಪ ಕಪ್ಪಗಿತ್ತು, ಅಷ್ಟೇ. ಯಾರ ಮಗು ಯಾವುದು ಎಂದು ಹೇಳುವುದು ಹೇಗೆ? ಕಪ್ಪಗಿದ್ದಷ್ಟನ್ನು ಬುಟ್ಟಿಯಲ್ಲಿ ತುಂಬಿದರು. ಮಾವ ತಲೆಯ ರುಮಾಲು ಬಿಚ್ಚಿ ಬಂಡಿಯಲ್ಲಿ ಹಾಸಿದರು, ಅದರ ಮೇಲೆ ಸುರಿದರು. ನಾನು ಬಂಡಿಯ ಹಿಂದೆ ನಡೆದೆ. ಹೆಂಗಸರು ಹೆಣದ ಹಿಂದೆ ನಡೆಯುವ ಪದ್ಧತಿಯಿಲ್ಲ, ಮಗಳು ಸತ್ತ ದಿನ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಈ ಸಲ ಯಾರೂ ತಡೆಯಲಿಲ್ಲ.

ಬನ್ನಿಗಿಡದ ಪಕ್ಕ ತೆಳ್ಳಗೆ ಚೆಲ್ಲಿದೆವು, ಹಿಟ್ಟು ಉದುರಿಸಿದ ಹಾಗೆ. ಸುಡಬಾರದೆಂದು ನಾನೇ ಕೈಯಾಡಿಸಿ ಹರಡಿದೆ.

ಆ ವರ್ಷ ಮಳೆ ಸರಿಯಾಗಿ ಬಂತು. ಮಿಕ್ಕ ಹೊಲದಲ್ಲಿ ಜೋಳ ಸೊಂಟದೆತ್ತರ ಬಂದರೆ ಆ ಪಟ್ಟಿಯಲ್ಲಿ ತಲೆ ಮೀರಿ ಬಂತು. ಬುಡದ ಎಲೆಯೂ ಕಪ್ಪು ಹಸಿರು, ಒಂದೂ ಬತ್ತಲಿಲ್ಲ. ದಾರಿಹೋಕರು ನಿಂತು ಏನು ಹಾಕಿದಿರಿ ಎಂದು ಕೇಳುತ್ತಿದ್ದರು. ಮಾವ ಕುಂಟೆ ಹೊಡೆಯುತ್ತಲೇ ಇದ್ದರು. ನಾನು ಆ ಕಡೆ ಕಳೆ ಕೀಳಲು ಹೋಗುತ್ತಿದ್ದೆ, ಕೈ ಮಾತ್ರ ಎಲೆಗೆ ತಾಗದಂತೆ ಕೀಳುತ್ತಿದ್ದೆ.

ಸೀತನಿಯ ಕಾಲ ಬಂತು. ಹೊಲದಲ್ಲಿ ಕೆಂಡ ಮಾಡಿದೆವು. ಮೊದಲ ತೆನೆ ಎಲ್ಲಿಂದ ಮುರಿಯಬೇಕೆಂದು ನಿಮ್ಮ ತಾತ ತಂದೆಯ ಮುಖ ನೋಡಿದರು. ಮಾವ ತಾವೇ ಎದ್ದು ಹೋಗಿ ಬನ್ನಿಗಿಡದ ಪಟ್ಟಿಯಿಂದ ಮುರಿದು ತಂದರು. ಸುಟ್ಟು, ಉಜ್ಜಿ, ಹೊಟ್ಟು ಊದಿದರು. ಆದರೆ ಬಾಯಿಗೆ ಹಾಕಿಕೊಳ್ಳಲಿಲ್ಲ. ನಿಮ್ಮ ತಾತನೂ ಹಾಕಿಕೊಳ್ಳಲಿಲ್ಲ. ಕಾಳು ಅವರ ಅಂಗೈಯಲ್ಲೇ ತಣ್ಣಗಾಗುತ್ತಿತ್ತು. ನನ್ನ ಮಡಿಲಿನಲ್ಲಿದ್ದ ಮಗ ಕೈ ಚಾಚಿದ.

ನಾನು ಅವನ ಕೈ ಹಿಡಿದುಕೊಂಡೆ. ಹಿಡಿದದ್ದು ಹಿಡಿದೇ ಇದ್ದೆ. ಅವನು ಅಳಲು ಶುರುಮಾಡಿದ.

ಮಾವ ಆಗ ನನ್ನನ್ನೇ ನೋಡಿದರು. ಎತ್ತಿಗಲ್ಲ, ಬಾಗಿಲಿಗಲ್ಲ, ಮಗುವಿಗೂ ಅಲ್ಲ. “ಬಿಡವ್ವಾ. ತಮ್ಮ ಅಲ್ಲೇನು. ಆಕಿ ಕೊಟ್ಟಾಳ, ತಿನ್ನಲಿ,” ಎಂದರು. ಅವರು ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

ನಾನು ಕೈ ಬಿಟ್ಟೆ. ಮಗ ಅಜ್ಜನ ಅಂಗೈಗೆ ಬಾಯಿ ಹಚ್ಚಿ ಕಾಳೆಲ್ಲ ತಿಂದ, ಗಲ್ಲಕ್ಕೆ ಅಂಟಿದ್ದನ್ನೂ ಬಿಡಲಿಲ್ಲ. ಮುಗಿದ ಮೇಲೆ “ಇನ್ನಾ” ಎಂದ. ಅವನು ಬಿಡಿಸಿ ಆಡಿದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗಂಡಸರಿಬ್ಬರೂ ಏಳಲಿಲ್ಲ. ನಾನೇ ಎದ್ದು ಬನ್ನಿಗಿಡದ ಕಡೆ ಹೋಗಿ ಇನ್ನೊಂದು ತೆನೆ ಮುರಿದು ತಂದು ಕೆಂಡದಲ್ಲಿಟ್ಟೆ.