ಮೇಷ್ಟ್ರು ಕ್ಯಾಮೆರಾ ಆರಿಸಿದ್ದು

ಭಾನುವಾರ ನಮ್ಮ ಜೊತೆ ಬೈಕಿನಲ್ಲಿ ಸುತ್ತಲು ಬರುತ್ತಿದ್ದ ದೊಡ್ಡಬಳ್ಳಾಪುರದ ಡ್ರಾಯಿಂಗ್ ಮೇಷ್ಟ್ರಿಗೆ ಮೊಬೈಲಿನಲ್ಲಿ ಫೋಟೊ ತೆಗೆಯುವುದು ಹಿಡಿಸುತ್ತಿರಲಿಲ್ಲ. "ಒಳ್ಳೇ ಸೀನ್ ಸಿಕ್ಕಾಗಲೇ ಮನೆಯಿಂದ ಫೋನ್ ಬರುತ್ತೆ ಕಣಪ್ಪಾ" ಎನ್ನುತ್ತಿದ್ದರು. ಕೊನೆಗೆ ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಳ್ಳಲು ನನ್ನನ್ನು ಕರೆದುಕೊಂಡು ಹೊರಟರು.

ಅಂಗಡಿಯವನು ಝೂಮ್, ಮೆಗಾಪಿಕ್ಸೆಲ್ ಎಂದು ಶುರುಮಾಡಿದ.

"ಅದಿರ್ಲಿ, ನಮ್ ರೋಡಿಗೆ ತಡೆಯುತ್ತಾ ನೋಡೋಣ" ಎಂದ ಮೇಷ್ಟ್ರು, ಕ್ಯಾಮೆರಾವನ್ನು ಅಂಗಿಯ ಜೇಬಿಗಿಳಿಸಿ, ಸ್ಟೂಲಿನ ಮೇಲೆ ಕೂತು, ಇಲ್ಲದ ಹ್ಯಾಂಡಲ್ ಹಿಡಿದು, ಹಂಪು ಹತ್ತಿಳಿದವರಂತೆ ಎಗರತೊಡಗಿದರು. ಮೊದಲ ಕ್ಯಾಮೆರಾ ಜೇಬಿನಿಂದ ಅರ್ಧ ಹೊರಬಂತು, ಎರಡನೆಯದು ಚಿಮ್ಮಿಯೇಬಿಟ್ಟಿತು. ಅಂಗಡಿಯವನು ಅದನ್ನು ಗಾಳಿಯಲ್ಲೇ ಹಿಡಿದು, "ಸಾರ್, ದಯವಿಟ್ಟು ಇಳೀರಿ" ಎಂದ.

"ಇನ್ನೊಂದು ಕೊಡಪ್ಪಾ" ಎಂದರು ಮೇಷ್ಟ್ರು. ಎಷ್ಟು ಎಗರಿದರೂ ಕದಲದ ಕಪ್ಪು ಕ್ಯಾಮೆರಾವನ್ನೇ ಕೊಂಡರು.

ಮುಂದಿನ ಭಾನುವಾರ ಮಾಕಳಿದುರ್ಗದ ಬಳಿಯ ತಿರುವಿನಲ್ಲಿ ಅವರ ಬೈಕು ಮರಳಿಗೆ ಜಾರಿತು. ಅವರು ರಾಗಿ ಹೊಲಕ್ಕೆ ಉರುಳಿದರು. ನಾವು ಗಾಡಿಗಳನ್ನು ಬಿಟ್ಟು ಓಡಿದೆವು. ಮೇಷ್ಟ್ರು ಮಲಗಿದ್ದಲ್ಲಿಂದಲೇ ಕ್ಯಾಮೆರಾ ಎತ್ತಿ, "ಅಲ್ಲೇ ನಿಂತ್ಕೊಳ್ರೋ, ಲೈಟು ಚೆನ್ನಾಗೈತೆ" ಎಂದರು. ನಾವೂ ನಿಂತುಬಿಟ್ಟೆವು.

ನಮ್ಮ ಗುಂಪಿನ ಫೋಟೊ ಅಂತ ಇರುವುದು ಅದೊಂದೇ. ಎಲ್ಲರೂ ಗಾಬರಿಯಿಂದ ಬಾಯಿ ತೆರೆದಿದ್ದೇವೆ. ಮೇಷ್ಟ್ರದು ಎಡಗಾಲಿನ ಬೂಟಷ್ಟೇ ಬಂದಿದೆ.